ಸಿ.ಟಿ. ವರದಿಯ ‘4ಆರ್’ ಏನು ಹೇಳುತ್ತದೆ?

ಶ್ವಾಸಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾದ ಮೇಲೆ ಪುತ್ತೂರು, ಸುಳ್ಯ, ಕಡಬದ ಮನೆಯವರು ಸಿ.ಟಿ. ವರದಿ ಹಿಡಿದುಕೊಂಡು ಮಂಗಳೂರಿಗೆ ಹೊರಡುತ್ತಾರೆ. ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಆದರೂ ಕ್ಯಾನ್ಸರ್ ಎಂದ ಕೂಡಲೇ ಕಂಕನಾಡಿ, ಅತ್ತಾವರ, ದೇರಳಕಟ್ಟೆಯ ಆಸ್ಪತ್ರೆಗಳು, ಇಲ್ಲವೇ ಬೆಂಗಳೂರಿನ ಕಿದ್ವಾಯಿ ನೆನಪಾಗುತ್ತವೆ. ವರದಿಯಲ್ಲಿ ಗಡ್ಡೆಯ ಅಳತೆ ಒಂದು ಕಡೆ, ‘4ಆರ್ ಸ್ಟೇಷನ್‌ನಲ್ಲಿ 14 ಮಿ.ಮೀ. ಲಿಂಫ್ ನೋಡ್’ ಎಂಬ ಸಾಲು ಇನ್ನೊಂದು ಕಡೆ. ಚಿಕಿತ್ಸೆ ಯಾವ ದಾರಿ ಹಿಡಿಯಬೇಕು ಎಂಬುದು ಬಹುಮಟ್ಟಿಗೆ ಈ ಎರಡನೆಯ ಸಾಲಿನ ಮೇಲೆ ನಿಂತಿರುತ್ತದೆ.

ಲಿಂಫ್ ನೋಡ್ ಅಂದರೆ ದುಗ್ಧಗ್ರಂಥಿ. ಅದು ಎಲ್ಲರ ಎದೆಯಲ್ಲೂ ಇರುತ್ತದೆ. ಶ್ವಾಸಕೋಶದಿಂದ ಹರಿದುಬರುವ ದುಗ್ಧರಸವನ್ನು ಸೋಸುವುದೇ ಅದರ ಕೆಲಸವಾದ್ದರಿಂದ, ಗಡ್ಡೆ ಬಿಟ್ಟು ಹೊರಟ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದೂ ಅಲ್ಲಿಯೇ. ಈ ಗ್ರಂಥಿಗಳಿಗೆ ನಂಬರು ಹಾಕಿ ಮೊದಲು ನಕ್ಷೆ ಮಾಡಿದವರು ಜಪಾನಿನ ಶಸ್ತ್ರವೈದ್ಯ ನರುಕೆ. ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 2009ರಲ್ಲಿ ಬಂದ ನಕ್ಷೆ. ಅದರಲ್ಲಿ 1ರಿಂದ 14ರವರೆಗೆ ಸ್ಟೇಷನ್‌ಗಳು, ಅಂದರೆ ಗ್ರಂಥಿಗಳಿರುವ ಜಾಗಗಳು, ಇವೆ. ಆರ್ ಎಂದರೆ ಬಲ, ಎಲ್ ಎಂದರೆ ಎಡ.

ಕ್ಯಾನ್ಸರ್ ಯಾವ ಗ್ರಂಥಿಗಳವರೆಗೆ ಹರಡಿದೆ ಎಂಬುದನ್ನು ‘ಎನ್’ ಅಕ್ಷರದ ಮುಂದೆ ಅಂಕಿ ಹಾಕಿ ಹೇಳುತ್ತಾರೆ. ಅದನ್ನು ಓದುವುದಕ್ಕೆ ಒಂದು ಸುಲಭದ ಸೂತ್ರವಿದೆ. 10ರಿಂದ 14ರವರೆಗಿನ ಎರಡಂಕಿಯ ಗ್ರಂಥಿಗಳು ಶ್ವಾಸಕೋಶದ ಬುಡದಲ್ಲಿ ಅಥವಾ ಒಳಗಿರುವವು. ಗಡ್ಡೆ ಇರುವ ಕಡೆಯೇ ಇದ್ದರೆ ಎನ್1. ಎರಡು ಶ್ವಾಸಕೋಶಗಳ ನಡುವಿನ ಜಾಗದಲ್ಲಿರುವ 2ರಿಂದ 9ರವರೆಗಿನವು ಅದೇ ಕಡೆಯಲ್ಲಿದ್ದರೆ ಎನ್2. ಶ್ವಾಸನಾಳ ಕವಲೊಡೆಯುವ ಜಾಗದ ಕೆಳಗಿನ 7ನೆಯದು ಯಾವ ಕಡೆಯ ಗಡ್ಡೆಗೂ ಎನ್2. ಎದುರು ಬದಿಯದು ಎನ್3. ಕೊರಳ ಬುಡದ 1ನೆಯದು ಯಾವ ಬದಿಯಲ್ಲಿದ್ದರೂ ಎನ್3. ಹಾಗಾಗಿ ಬಲ ಶ್ವಾಸಕೋಶದ ಕ್ಯಾನ್ಸರಿಗೆ 4ಆರ್ ಗ್ರಂಥಿ ಎನ್2 ಆದರೆ, ಎಡ ಶ್ವಾಸಕೋಶದ ಕ್ಯಾನ್ಸರಿಗೆ ಅದೇ ಗ್ರಂಥಿ, ಅದೇ 14 ಮಿ.ಮೀ., ಎನ್3. ಎನ್1ರಲ್ಲಿ ಆಪರೇಷನ್ ಸಾಮಾನ್ಯವಾಗಿ ಸಾಧ್ಯ. ಎನ್3 ಎಂದಾದರೆ ಆಪರೇಷನ್ನಿನ ಮಾತು ಹಿಂದೆ ಸರಿದು ಕೀಮೋ, ರೇಡಿಯೇಷನ್, ಇಮ್ಯುನೋಥೆರಪಿ ಮುಂದೆ ಬರುತ್ತವೆ.

ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವಿನ ಗಡಿ ಎಲ್ಲಿ ಎಂಬುದನ್ನು ರೇಡಿಯಾಲಜಿಸ್ಟ್ ಪದರ ಪದರವಾಗಿ ನೋಡಿ ನಿರ್ಧರಿಸಬೇಕು. ಬಲಗಡೆ ಅಜೈಗಸ್ ಎಂಬ ರಕ್ತನಾಳ ಕಮಾನಿನಂತೆ ಬಾಗಿ ದೊಡ್ಡ ನಾಳವನ್ನು ಸೇರುತ್ತದೆ. ಅದರ ಕೆಳ ಅಂಚಿಗಿಂತ ಮೇಲಿದ್ದರೆ 4ಆರ್, ಕೆಳಗಿದ್ದರೆ 10ಆರ್. ಬಲಗಡೆಯ ಗಡ್ಡೆಗೆ ಎನ್2 ಮತ್ತು ಎನ್1ರ ನಡುವೆ ಇರುವುದು ಆ ಅಂಚು ಮಾತ್ರ. ಇನ್ನೊಂದು ವಿಚಿತ್ರ: ಮೇಲ್ಭಾಗದಲ್ಲಿ ಎಡ–ಬಲದ ಗಡಿ ಎದೆಯ ನಟ್ಟನಡುವೆ ಇಲ್ಲ, ಶ್ವಾಸನಾಳದ ಎಡ ಅಂಚಿನಲ್ಲಿದೆ. ಶ್ವಾಸನಾಳದ ಮುಂದೆಯೇ ನಡುವಲ್ಲಿ ಕುಳಿತ ಗ್ರಂಥಿಯೂ ಬಲಗಡೆಯ ಲೆಕ್ಕಕ್ಕೆ ಬರುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಳುವಾದ ಪದರಗಳಲ್ಲಿ ತೆಗೆದ ಸ್ಕ್ಯಾನ್‌ಗೆ ಬೆಲೆ ಬರುವುದು ಇಂಥಲ್ಲಿ.

ಇನ್ನು ಅಳತೆ. ಗ್ರಂಥಿಯನ್ನು ಅದರ ಗಿಡ್ಡ ಅಡ್ಡಳತೆಯಲ್ಲಿ ಅಳೆಯುತ್ತಾರೆ, 10 ಮಿ.ಮೀ. ದಾಟಿದರೆ ‘ದೊಡ್ಡದು’. ಆದರೆ ದೊಡ್ಡದಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಸಣ್ಣದೆಲ್ಲ ಶುದ್ಧವೂ ಅಲ್ಲ. ಅಮೆರಿಕದ ಎದೆರೋಗ ತಜ್ಞರ ಸಂಘ 2013ರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ನಡುಎದೆಗೆ ನಿಜವಾಗಿ ಹರಡಿದ್ದವರಲ್ಲಿ ಸಿ.ಟಿ. ಹಿಡಿದದ್ದು ನೂರಕ್ಕೆ ಸುಮಾರು 55 ಮಂದಿಯನ್ನು. ಹರಡದೇ ಇದ್ದವರಲ್ಲೂ ನೂರಕ್ಕೆ ಸುಮಾರು 19 ಮಂದಿಯಲ್ಲಿ ಹರಡಿದಂತೆ ತೋರಿಸಿತ್ತು. ನಮ್ಮಲ್ಲಿ ಹಳೆಯ ಕ್ಷಯ ಇದನ್ನು ಇನ್ನಷ್ಟು ಗೋಜಲು ಮಾಡುತ್ತದೆ: ಕ್ಷಯದಲ್ಲೂ ಗ್ರಂಥಿ ಉಬ್ಬುತ್ತದೆ, ಪೆಟ್ ಸ್ಕ್ಯಾನಿನಲ್ಲೂ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಕಲ್ಲಿನ ಕ್ರಷರಿನಲ್ಲಿ ದುಡಿದು ಸಿಲಿಕಾ ಧೂಳು ಕುಡಿದವರ ಎದೆಯಲ್ಲೂ ಉಬ್ಬಿದ ಗ್ರಂಥಿ ಕಾಣಬಹುದು.

ಆದ್ದರಿಂದ ‘ಗ್ರಂಥಿ ದೊಡ್ಡದಿದೆ, ಇನ್ನೇನೂ ಮಾಡಲಾಗದು’ ಎಂದು ವರದಿ ನೋಡಿಯೇ ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಆ ಗ್ರಂಥಿಯೇ ಚಿಕಿತ್ಸೆಯ ದಾರಿ ಬದಲಿಸುವಂತಿದ್ದರೆ ಅದರ ತುಣುಕನ್ನು ತೆಗೆದು ನೋಡಬೇಕು. ಈಬಸ್ ಎಂಬ ವಿಧಾನದಲ್ಲಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿ ಹಾಕುತ್ತಾರೆ. 2, 4, 7, 10, 11ನೆಯವು ಹೀಗೆ ಸಿಗುತ್ತವೆ. ಮಹಾಪಧಮನಿಯ ಬಳಿಯ 5 ಮತ್ತು 6 ಈ ದಾರಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಆ 5ನೆಯದರ ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ. ಎಡಗಡೆ ಗಡ್ಡೆ ಇದ್ದವರ ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಆಸ್ಪತ್ರೆಗೆ ಹೋಗುವಾಗ ವರದಿಯ ಹಾಳೆ ಸಾಲದು, ಸ್ಕ್ಯಾನಿನ ಸಿ.ಡಿ. ಬೇಕು, ಹಳೆಯ ಎಕ್ಸ್‌ರೇ, ಸಿ.ಟಿ. ಇದ್ದರೆ ಅವೂ ಬೇಕು. ಐದು ವರ್ಷದ ಹಿಂದೆಯೂ ಅಷ್ಟೇ ಇದ್ದ ಗ್ರಂಥಿಯನ್ನು ಓದುವ ರೀತಿಯೇ ಬೇರೆ. ಕ್ಷಯದ ಔಷಧಿ ತಿಂದಿದ್ದರೆ, ಬೀಡಿ ಸೇದಿದ್ದರೆ, ಕ್ರಷರಿನಲ್ಲಿ ದುಡಿದಿದ್ದರೆ ಮುಚ್ಚಿಡದೆ ಹೇಳಿ. ಎನ್2 ಎಂದರೆ ಎಷ್ಟು ಸ್ಟೇಷನ್‌ಗಳಲ್ಲಿ ಎಂದು ಕೇಳಿ: 2025ರಿಂದ ಜಾರಿಗೆ ಬಂದ ಕ್ಯಾನ್ಸರಿನ ಹಂತಗಳ ಒಂಬತ್ತನೆಯ ಆವೃತ್ತಿಯ ವರ್ಗೀಕರಣದಲ್ಲಿ ಒಂದೇ ಸ್ಟೇಷನ್ ಆದರೆ ಎನ್2ಎ, ಹೆಚ್ಚಾದರೆ ಎನ್2ಬಿ.