ಧ್ವನಿಪೆಟ್ಟಿಗೆಯೊಳಗಿನ ಅರಳೆ

ನಾಲತವಾಡದ ಸುತ್ತಲಿನ ಎರೆಭೂಮಿ ಹತ್ತಿಗೆ ಒಗ್ಗಿದ ನೆಲ. ಗಾದಿ, ದಿಂಬುಗಳಿಗೆ ಅರಳೆ ತುಂಬುವುದನ್ನು ನಾವೆಲ್ಲರೂ ಬಲ್ಲೆವು. ಮಂದ್ರಧ್ವನಿಯನ್ನು ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆಗೂ ಅಂತಹುದೇ ಎಳೆಗಳನ್ನು ತುಂಬುತ್ತಾರೆ. ಸದ್ದಡಗಿಸುವ ವಸ್ತುವು ಸದ್ದಿಗೆ ನೆರವಾಗುವುದೆಂತು?

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದಷ್ಟೆ. ಮುಚ್ಚಿದ ಪೆಟ್ಟಿಗೆಯಲ್ಲಿಯೂ ಹಾಗೆಯೇ: ಧ್ವನಿವರ್ಧಕದ ಪೊರೆ ಒಳಸರಿದಾಗ ಗಾಳಿಯು ಒತ್ತಡಕ್ಕೆ ಸಿಕ್ಕಿ ಬಿಸಿಯೇರಿ, ಬಿರುಸಾದ ಸ್ಪ್ರಿಂಗಿನಂತೆ ಪೊರೆಯನ್ನು ಮರಳಿ ನೂಕುತ್ತದೆ. ಎಳೆಗಳು ಆ ಶಾಖವನ್ನು ಹೀರಿಕೊಂಡು, ಗಾಳಿ ಹಿಗ್ಗುವಾಗ ಹಿಂದಿರುಗಿಸುತ್ತವೆ. ಸ್ಪ್ರಿಂಗು ಮೆದುವಾಗುತ್ತದೆ, ಪೆಟ್ಟಿಗೆಯೇ ದೊಡ್ಡದಾದಂತಾಗುತ್ತದೆ! ಈ ಹೆಚ್ಚಳ ತತ್ತ್ವತಃ ಶೇಕಡಾ 40ನ್ನು ಮೀರದು. ಬಳಕೆಯಲ್ಲಿ ಇನ್ನೂ ಕಡಿಮೆ.

1687ರಲ್ಲಿ ನ್ಯೂಟನ್ನನು ಈ ಶಾಖವನ್ನು ಎಣಿಸದೆ ಶಬ್ದವೇಗವನ್ನು ಗಣಿಸಿದಾಗ, ಉತ್ತರವು ಸುಮಾರು ಆರರಲ್ಲೊಂದು ಪಾಲು ಕಡಿಮೆ ಬಂದಿತು. 1816ರಲ್ಲಿ ಲಾಪ್ಲಾಸನು ಅದನ್ನು ತಿದ್ದಿದನು. ಬಯಲಿನಲ್ಲಿ ಸೋತ ನ್ಯೂಟನ್ನನ ಲೆಕ್ಕವು ಅರಳೆಯೊಳಗೆ ಬಹುಮಟ್ಟಿಗೆ ಗೆಲ್ಲುತ್ತದೆ! 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರರು ಗಾಳಿಯನ್ನೇ ಸ್ಪ್ರಿಂಗಾಗಿಸಿದ ತಮ್ಮ ಚಿಕ್ಕ ಪೆಟ್ಟಿಗೆಗೆ ಗಾಜಿನ ಎಳೆಗಳನ್ನು ತುಂಬಿದರು.

ಆದರೆ ಅತಿಯಾದರೆ ಅಮೃತವೂ ವಿಷವಷ್ಟೆ. ಗಿಡಿದು ತುಂಬಿದರೆ ಎಳೆಗಳೇ ಗಾಳಿಯ ಜಾಗವನ್ನು ನುಂಗುತ್ತವೆ. ಜಾತ್ರೆ, ಮೆರವಣಿಗೆಗಳ ದೊಡ್ಡ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಕಿಂಡಿಯಿರುತ್ತದೆ. ಅಲ್ಲಿ ಗಾಳಿಯ ಸಲೀಸಾದ ಓಡಾಟದಿಂದಲೇ ಮಂದ್ರಧ್ವನಿ ಹುಟ್ಟುವುದು. ಅದಕ್ಕೆ ಅರಳೆ ಅಡ್ಡವಾದರೆ ಸದ್ದು ಸೊರಗುತ್ತದೆ. ಹತ್ತಿಯಾದರೋ ತೇವ ಹೀರುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಪಾಲಿಯೆಸ್ಟರ್ ಎಳೆಗೆ ತೇವದ ಕಾಟ ಕಡಿಮೆ.

ಆದುದರಿಂದ ಪೆಟ್ಟಿಗೆ ಕಟ್ಟುವವರು ಮೊದಲು ಕಿಂಡಿಯನ್ನು ನೋಡಲಿ. ಮುಚ್ಚಿದುದಕ್ಕೆ ಸಡಿಲವಾದ ತುಂಬು. ಕಿಂಡಿಯುಳ್ಳದ್ದಕ್ಕೆ ಗೋಡೆಗಷ್ಟೇ ತೆಳುಹೊದಿಕೆ. ಹಿಡಿ ಅರಳೆಯ ಉಪಯೋಗವೂ ಅದನ್ನಿಡುವ ಠಾವನ್ನರಿತವರಿಗೇ ದಕ್ಕುತ್ತದೆ.