ದೀಪ ಮಿಣುಕಿದರೆ ತಲೆ ಸಿಡಿದೀತು!

ಸಂಜೆಯಾದರೆ ಸಾಕು, ತಲೆನೋವು ಎಂದು ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ನನ್ನಲ್ಲಿಗೆ ಬರುತ್ತಿದ್ದರು. ರಕ್ತದೊತ್ತಡ ಸರಿಯಾಗಿತ್ತು. ಕನ್ನಡಕದ ನಂಬರು ಬದಲಾಗಿರಲಿಲ್ಲ. ಮೈಗ್ರೇನ್ ಇರಬಹುದೆಂದು ಮೂರು ತಿಂಗಳು ಮಾತ್ರೆ ಬರೆದುಕೊಟ್ಟೆ. ಒಂದು ದಿನ ಬೆಳಗಿನ ಜಾವ ಅವರ ಮನೆಯಿಂದ ಕರೆ ಬಂತು. ಎಪ್ಪತ್ತು ದಾಟಿದ ಅತ್ತೆ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು.

ಅವರನ್ನು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡುತ್ತಿದ್ದಾಗ ಆ ಕೋಣೆಯ ದೀಪ ನನ್ನ ಗಮನಕ್ಕೆ ಬಂತು. ಸಣ್ಣಗೆ ಮಿಣುಕುತ್ತಿತ್ತು. ಗೋಡೆಯ ಸ್ವಿಚ್ಚಿನಿಂದ ಗುಂಯ್ ಎಂಬ ಸದ್ದು. ಹಳೆಯ ಡಿಮ್ಮರ್ ಇದ್ದ ಜಾಗಕ್ಕೆ ಹೊಸ ಎಲ್‌ಇಡಿ ಬಲ್ಬು ಹಾಕಿದ್ದರು. 'ಕಣ್ಣಿಗೆ ಹಿಂಸೆ ಅಂತ ಅತ್ತೆ ರಾತ್ರಿ ಪೂರ್ತಿ ಆರಿಸಿಬಿಡ್ತಿದ್ರು' ಎಂದರು ಸೊಸೆ. ಅವರು ಸಂಜೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದುದೂ ಅದೇ ಬೆಳಕಿನಲ್ಲಿ! 'ಸಂಜೆ ಎಲ್ಲಿ ಕೂರುತ್ತೀರಿ, ಬೆಳಕು ಹೇಗಿದೆ?' ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಿಣುಕುವುದೇಕೆ?

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಸೆಕೆಂಡಿಗೆ 50 ಆವರ್ತ, ಅಂದರೆ 100 ಅರ್ಧ ಅಲೆಗಳಾಗಿ ಹರಿಯುತ್ತದೆ. ಡಿಮ್ಮರ್ ಪ್ರತಿ ಅರ್ಧ ಅಲೆಯ ಒಂದಷ್ಟು ಭಾಗವನ್ನು ತಡೆದು ಬೆಳಕನ್ನು ತಗ್ಗಿಸುತ್ತದೆ. ಹಳೆಯ ತಂತಿ ಬಲ್ಬಿಗೆ ಇದರಿಂದ ತೊಂದರೆಯಿರಲಿಲ್ಲ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ. ಎಲ್‌ಇಡಿ ಹಾಗಲ್ಲ. ಅದರೊಳಗಿನ ಪುಟ್ಟ ಸರ್ಕ್ಯೂಟು ಈ ಕತ್ತರಿಸಿದ ಅಲೆಗೆ ಹೊಂದದಿದ್ದರೆ ಬೆಳಕು ಕುಣಿಯುತ್ತದೆ. ಇನ್ನೊಂದು ಕಾರಣ, ಭಾರ ಸಾಲದಿರುವುದು. ಹಳೆಯ ಡಿಮ್ಮರುಗಳು 60, 100 ವಾಟಿನ ಬಲ್ಬುಗಳಿಗಾಗಿ ಮಾಡಿದವು. 9 ವಾಟಿನ ಒಂದೇ ಬಲ್ಬಿಗೆ ಅವು ಸ್ಥಿರವಾಗಿ ಕೆಲಸ ಮಾಡಲಾರವು.

ಹೀಗೆ ಮಿಣುಕುವ ಬೆಳಕು ಕಣ್ಣುಗಳನ್ನು ದಣಿಸುತ್ತದೆ. ಮೈಗ್ರೇನ್ ಇರುವವರಿಗೆ ತಲೆನೋವನ್ನು ಕೆರಳಿಸಬಹುದು. ಮೂರ್ಛೆರೋಗಿಗಳಲ್ಲಿ ಕೆಲವರಿಗೆ ಮಾತ್ರ, ಸೆಕೆಂಡಿಗೆ ಸುಮಾರು 3ರಿಂದ 30 ಬಾರಿ ಮಿಂಚುವ ಬೆಳಕು ಸೆಳವು ತರಿಸಬಲ್ಲದು.

ನೀವೇ ಪರೀಕ್ಷಿಸಿ

ಅದೇ ಬಲ್ಬನ್ನು ಡಿಮ್ಮರ್ ಇಲ್ಲದ ಹೋಲ್ಡರಿಗೆ ಹಾಕಿ ನೋಡಿ. ಬಲ್ಬು ತೆಗೆಯುವ ಮುನ್ನ ಮೇನ್ ಆರಿಸಿ, ಬಲ್ಬು ತಣಿಯಲು ಬಿಡಿ. ಅಲ್ಲಿ ಸ್ಥಿರವಾಗಿ ಉರಿದರೆ ಬಲ್ಬಿಗೂ ಡಿಮ್ಮರಿಗೂ ಹೊಂದಾಣಿಕೆಯಿಲ್ಲ ಎಂದರ್ಥ. ಅಲ್ಲಿಯೂ ಮಿಣುಕಿದರೆ ಬಲ್ಬು ಕೆಟ್ಟಿರಬಹುದು ಅಥವಾ ತಂತಿಯ ಜೋಡಣೆ ಸಡಿಲಿರಬಹುದು. ಕಣ್ಣಿಗೆ ಕಾಣದಿದ್ದರೂ ಅನುಮಾನವಿದ್ದರೆ ಮೊಬೈಲ್ ಕ್ಯಾಮೆರಾವನ್ನು ದೀಪದತ್ತ ಹಿಡಿಯಿರಿ. ಪರದೆಯ ಮೇಲೆ ದಟ್ಟ ಕಪ್ಪು ಪಟ್ಟೆಗಳು ಓಡಾಡಿದರೆ ದೀಪ ಮಿಣುಕುತ್ತಿದೆ.

ಆರಿಸಿದ ಮೇಲೂ ಬಲ್ಬು ಮಂಕಾಗಿ ಹೊಳೆಯುತ್ತದೆಯೇ? ಡಿಮ್ಮರ್ ಅಥವಾ ಸ್ವಿಚ್ಚಿನ ಪುಟ್ಟ ಸೂಚಕದೀಪದ ಮೂಲಕ ಅಲ್ಪ ವಿದ್ಯುತ್ತು ಸೋರುತ್ತಿರಬಹುದು. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೂ ಹೀಗಾಗುತ್ತದೆ. ಆಗ ಸ್ವಿಚ್ಚು ಆರಿಸಿದ್ದರೂ ಹೋಲ್ಡರಿನಲ್ಲಿ ಶಾಕ್ ಇರುತ್ತದೆ, ಎಚ್ಚರಿಕೆ!

ಕೊಳ್ಳುವಾಗ

* ಬಲ್ಬಿನ ಡಬ್ಬಿಯ ಮೇಲೆ 'ಡಿಮ್ಮಬಲ್' ಎಂದು ಬರೆದಿರಲೇಬೇಕು. ಸಾಮಾನ್ಯ ಎಲ್‌ಇಡಿ, ಸಿಎಫ್‌ಎಲ್, ಚೋಕಿನ ಟ್ಯೂಬ್‌ಲೈಟ್‌ಗಳಿಗೆ ಡಿಮ್ಮರ್ ಬೇಡ.

* ಎಲ್‌ಇಡಿಗೆಂದೇ ಇರುವ ಡಿಮ್ಮರ್ ಕೇಳಿ. ಅಲೆಯ ಆರಂಭದ ಬದಲು ಕೊನೆಯನ್ನು ಕತ್ತರಿಸುವ 'ಟ್ರೇಲಿಂಗ್ ಎಡ್ಜ್' ಬಗೆ ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತದೆ, ಸದ್ದೂ ಕಡಿಮೆ.

* ಕನಿಷ್ಠ ಎಷ್ಟು ವಾಟ್, ಗರಿಷ್ಠ ಎಷ್ಟು ವಾಟ್ ಎಂಬುದನ್ನು ಎರಡೂ ಓದಿ. 400 ವಾಟ್ ಎಂದಿದ್ದರೆ ಅದು ಬಹುಮಟ್ಟಿಗೆ ತಂತಿ ಬಲ್ಬಿನ ಲೆಕ್ಕ. ಎಲ್‌ಇಡಿಗೆ ಮಿತಿ ಅದಕ್ಕಿಂತ ಬಹಳ ಕಡಿಮೆ.

* ಫ್ಯಾನಿನ ರೆಗ್ಯುಲೇಟರನ್ನು ದೀಪಕ್ಕೆ, ದೀಪದ ಡಿಮ್ಮರನ್ನು ಫ್ಯಾನಿಗೆ ಹಾಕಬೇಡಿ.

* ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು ಒಳ್ಳೆಯದು. ಮಲಗುವ ಮುನ್ನ ಪ್ರಖರ ಬಿಳಿ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ರಸದೂತವನ್ನು ತಗ್ಗಿಸುತ್ತದೆ.

ತಡಮಾಡಬೇಡಿ

ಡಿಮ್ಮರ್ ಸ್ವಲ್ಪ ಬೆಚ್ಚಗಾಗುವುದು ಸಹಜ. ಮುಟ್ಟಲಾರದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಚಟಪಟ ಎಂದರೆ ತಕ್ಷಣ ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಒಂದೇ ದೀಪವಲ್ಲದೆ ಮನೆಯ ದೀಪಗಳೆಲ್ಲ ಒಮ್ಮೆ ಪ್ರಖರ, ಒಮ್ಮೆ ಮಂಕು ಆಗುತ್ತಿದ್ದರೆ ಡಿಮ್ಮರನ್ನು ದೂರಬೇಡಿ. ನ್ಯೂಟ್ರಲ್ ತಂತಿ ಸಡಿಲಾಗಿರಬಹುದು. ಇದು ಬೆಂಕಿಗೆ ದಾರಿ. ವಿದ್ಯುತ್ ಕಚೇರಿಗೆ ಕೂಡಲೇ ತಿಳಿಸಿ.

ಹಾಗೆಯೇ ಎಲ್ಲ ತಲೆನೋವನ್ನೂ ದೀಪದ ಮೇಲೆ ಹಾಕಬೇಡಿ. ಹಠಾತ್ತನೆ ಬಂದ ತೀವ್ರ ನೋವು, ಜೊತೆಗೆ ವಾಂತಿ, ಜ್ವರ, ದೃಷ್ಟಿ ಮಂಜಾಗುವುದು, ಕೈಕಾಲಿನ ಶಕ್ತಿ ಕುಂದುವುದು ಇದ್ದರೆ ಕೂಡಲೇ ವೈದ್ಯರನ್ನು ಕಾಣಿ.

ಹಿರಿಯರಿರುವ ಮನೆಯಲ್ಲಿ

ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ನಿಮಗೆ ಹಿತವೆನಿಸುವ ಮಂದ ಬೆಳಕು ಅವರಿಗೆ ಕತ್ತಲೆ. ಆದ್ದರಿಂದ ಓಡಾಡುವ ಜಾಗದಲ್ಲಿ ಡಿಮ್ಮರ್ ಬೇಡ. ಹಾಸಿಗೆಯಿಂದ ಬಚ್ಚಲಿನವರೆಗೆ ನೆಲದ ಹತ್ತಿರ ಪುಟ್ಟ ರಾತ್ರಿದೀಪ ಇಡಿ. ಸ್ವಿಚ್ಚು ಮಲಗಿದಲ್ಲಿಂದಲೇ ಕೈಗೆ ಸಿಗುವಂತಿರಲಿ. ರಕ್ತದೊತ್ತಡದ ಅಥವಾ ನಿದ್ರೆಯ ಮಾತ್ರೆ ನುಂಗುವವರು ಎದ್ದ ಕೂಡಲೇ ನಡೆಯದೆ ಒಂದೆರಡು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತಿರಲಿ.

ಆ ಅತ್ತೆ ಈಗ ವಾಕರ್ ಹಿಡಿದು ನಡೆಯುತ್ತಾರೆ. ಬಲ್ಬು, ಡಿಮ್ಮರ್ ಎರಡನ್ನೂ ಬದಲಿಸಿದ ಮೇಲೆ ಸೊಸೆಯ ತಲೆನೋವು ಬಹಳಷ್ಟು ತಗ್ಗಿದೆ; ಮಾತ್ರೆ ಅಪರೂಪವಾಗಿದೆ. ತಲೆನೋವೆಂದು ಬಂದವರನ್ನು ನಾನೀಗ ತಪ್ಪದೆ ಕೇಳುತ್ತೇನೆ, 'ನಿಮ್ಮ ಮನೆಯ ದೀಪ ಹೇಗಿದೆ?' ನೀವೂ ಇಂದು ಸಂಜೆ ಒಮ್ಮೆ ತಲೆಯೆತ್ತಿ ನೋಡಿ.