ಕೌದಿಗೊಂದು ತಿಂಗಳ ಲೆಕ್ಕ

ಹಳೆಯ ಸೀರೆಗಳನ್ನು ಕೌದಿಗೆಂದು ಪೆಟ್ಟಿಗೆಯಲ್ಲಿಟ್ಟು ಮರೆಯುವುದು ಎಷ್ಟೋ ಮನೆಗಳ ವಾಡಿಕೆ. ತಾಯಿ ಉಟ್ಟ ಸೀರೆ ಮಡಿಕೆಯಲ್ಲಿಯೇ ಜೀರ್ಣವಾದರೆ ಆ ನಷ್ಟವನ್ನು ಯಾವ ಅಂಗಡಿಯೂ ತುಂಬಿಕೊಡಲಾರದು. ಕೆಲಸ ಸಾಗಬೇಕಾದರೆ ತಿಂಗಳಿಗೊಂದು ಗುರಿ ಬೇಕು.

ಗುರಿಯಿಡುವ ಬಗೆಯನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಸ್ತ್ರೀಯರ ಕೌದಿಯಿಂದ ಕಲಿಯಬಹುದು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ ಇವರದು. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಬಣ್ಣದ ತುಂಡುಗಳ ಅಂಚು ಮಡಚಿಟ್ಟು, ಮೂಲೆಯಿಂದ ಹೊಲಿಗೆ ಹಿಡಿದು, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನಿಡುವರು. ಅವಕ್ಕೆ ‘ಫುಲ’ ಎಂದು ಹೆಸರು. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಹೊಲಿಯದೆ ಉಳಿದ ಬಯಲು ಎಂದೂ ಕಣ್ಣೆದುರಿಗೇ ಇರುವುದು ಈ ಕ್ರಮದ ಸೊಗಸು. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯಲ್ಲಿ ತಿಂಗಳಿಗೆ 8 ಅಂಗುಲದಂತೆ ಸುತ್ತಲಿಂದಲೂ ಒಳಸರಿದರೆ ಮೂರನೆಯ ತಿಂಗಳಿಗೆ ನಡು ಮುಟ್ಟುವುದು. ಆದರೆ ಪಾಲುಗಳು ಸಮವಲ್ಲ. ಒಟ್ಟು 24 ಚದರ ಅಡಿಯಲ್ಲಿ ಮೊದಲ ತಿಂಗಳಿಗೆ ಸುಮಾರು ಹನ್ನೊಂದೂವರೆ, ಎರಡನೆಯದಕ್ಕೆ 8, ಕೊನೆಯದಕ್ಕೆ ಸುಮಾರು ನಾಲ್ಕೂವರೆ. ಮೊದಲ ತಿಂಗಳಲ್ಲಿ ಕೈ ಸೋತಿತೆಂದು ಬಿಟ್ಟವರು, ಅರ್ಧ ದಾರಿ ಸವೆದಿರುವುದನ್ನು ಅರಿಯದೆ ಬಿಡುತ್ತಾರೆ!

ಪೆರ್ಡೂರಿನಂಥ ಊರಿನ ಮನೆಗಳಿಗೆ ತುಳುವರ ಕಾರ್ತೆಲ್, ಆಟಿ, ಸೋಣ ಎಂಬ ಮಳೆಯ ತಿಂಗಳುಗಳೇ ತಕ್ಕ ಕಾಲ. ಬೇಶದ ಬಿಸಿಲಿನಲ್ಲಿಯೇ ಬಟ್ಟೆಗಳನ್ನು ಒಗೆದು ಒಣಗಿಸಿಟ್ಟುಕೊಂಡರೆ, ಸೋಣ ಮುಗಿಯುವಷ್ಟರಲ್ಲಿ ತಾಯಿಯ ಸೀರೆ ಮೊಮ್ಮಕ್ಕಳ ಹೊದಿಕೆಯಾದೀತು.